ಬಾಲ ಊರಿದ ಲಿಬರೇಟರ್

ಚಕ್ರಗಳನ್ನು ಕೂರಿಸಿ ಕೈ ತೆಗೆದದ್ದೇ ತಡ, ವಿಮಾನ ಮೆಲ್ಲಗೆ ಮೂಗೆತ್ತಿ ಬಾಲವನ್ನು ಟೇಬಲ್ ಮೇಲೆ ಊರಿ ಕೂತುಬಿಟ್ಟಿತು. ಟಕ್ ಅಂತ ಒಂದು ಸಣ್ಣ ಸದ್ದು. ಆರು ವಾರ ರಾತ್ರಿ ಊಟ ಮುಗಿಸಿ ಕೂತು ಮಾಡಿದ ಕೆಲಸ ಅದು. ಎದೆ ಧಸಕ್ಕೆಂದಿತು.

2012ರ ಮಳೆಗಾಲದ ಒಂದು ಭಾನುವಾರ. ವಿಮಾನಪುರದ ನಮ್ಮ ಹಳೇ ಮನೆಯ ಹಾಲ್‌ನಲ್ಲಿ, ಕಿಟಕಿ ಪಕ್ಕದ ಟೇಬಲ್ ಮೇಲೆ ನನ್ನ ಬಿ-24 ಲಿಬರೇಟರ್ ಇತ್ತು. ಎರಡನೇ ಮಹಾಯುದ್ಧದ ನಾಲ್ಕು ಎಂಜಿನ್ನಿನ ಬಾಂಬರ್. ಅಮೆರಿಕದಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ತಯಾರಾದವು. ಅಣ್ಣ ಸಿಂಗಪುರದಿಂದ ತಂದುಕೊಟ್ಟ ಪ್ಲಾಸ್ಟಿಕ್ ಮಾದರಿಯ ಕಿಟ್ 1/72 ಅಳತೆಯದು. ನಿಜವಾದ ವಿಮಾನದ ರೆಕ್ಕೆ ಈ ತುದಿಯಿಂದ ಆ ತುದಿಗೆ 110 ಅಡಿ, ನನ್ನದು ನಲವತ್ತಾರೂವರೆ ಸೆಂಟಿಮೀಟರ್. ಟೇಬಲ್‌ನ ಅರ್ಧ ಅದಕ್ಕೇ ಬೇಕು.

ಲಿಬರೇಟರ್‌ಗೆ ಮೂಗಿನ ಕೆಳಗೊಂದು ಚಕ್ರ, ರೆಕ್ಕೆಗಳ ಕೆಳಗೆ ಎರಡು. ಪ್ಲಾಸ್ಟಿಕ್ಕಿನಲ್ಲಿ ಮಾಡಿದಾಗ ಒಳಗೆಲ್ಲ ಟೊಳ್ಳು, ಹಿಂಭಾಗವೋ ಉದ್ದ. ಮೂಗಿನಲ್ಲಿ ಭಾರ ಇಡದಿದ್ದರೆ ಏತದ ಹಾಗೆ ಹಿಂದಕ್ಕೆ ವಾಲುತ್ತದೆ. ಇದು ನನಗೆ ಗೊತ್ತಿತ್ತು. ಗಾಳಕ್ಕೆ ಕಟ್ಟುವ ಸೀಸದ ಗುಂಡು ತಂದು ಕಾಕ್‌ಪಿಟ್ ಹಿಂದಿನ ಗೋಡೆಗೆ ಅಂಟಿಸಿ, ತೂಗಿ ನೋಡಿಯೇ ಎರಡು ಹೋಳು ಸೇರಿಸಿದ್ದೆ. ಆದರೆ ಆಗಿನ್ನೂ ಹಿಂದಿನ ಟರೆಟ್, ಅಂದರೆ ಬಂದೂಕಿನ ಗುಮ್ಮಟ, ಕೂರಿಸಿರಲಿಲ್ಲ, ಬಾಲದ ಎರಡು ದೊಡ್ಡ ಹಲಗೆಗಳನ್ನು ಅಂಟಿಸಿರಲಿಲ್ಲ. ಅಷ್ಟು ದೂರದಲ್ಲಿ ಎರಡು ಗ್ರಾಂ ಕೂಡ ದೊಡ್ಡ ಭಾರವೇ.

ಪಕ್ಕದ ಕುರ್ಚಿಯಲ್ಲಿ ತಾತ ಕೂತಿದ್ದರು. ಆಗ ಅವರಿಗೆ 83. ಟಕ್ ಅಂದದ್ದು ಅವರಿಗೆ ಕೇಳಿಸಿರಲಿಕ್ಕಿಲ್ಲ. ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿಯ ಹತ್ತಿರ ಬಗ್ಗಿ ಜೋರಾಗಿ ಹೇಳಬೇಕಿತ್ತು. ಆದರೆ ಕಣ್ಣು ಚೆನ್ನಾಗಿತ್ತು. ಬಾಲ ಊರಿದ ವಿಮಾನವನ್ನು ಸ್ವಲ್ಪ ಹೊತ್ತು ನೋಡಿ, "ನಿಜವಾದದ್ದೂ ಹೀಗೇ ಕೂರ್ತಿತ್ತು ಕಣೇ" ಅಂದರು. "ಹಿಂದೆ ನಾಲ್ಕು ಜನ ಒಟ್ಟಿಗೆ ಹತ್ತಿದರೆ ಸಾಕು, ಮೂಗು ಮೇಲೆ. ಅದಕ್ಕೇ ಬಾಲದ ಕೆಳಗೆ ಮರದ ತುಂಡು ಆನಿಸಿ ಇಡ್ತಿದ್ವಿ."

ತಾತ 1947ರಲ್ಲಿ, ಹದಿನೆಂಟನೇ ವಯಸ್ಸಿಗೆ, ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ಗೆ ಅಪ್ರೆಂಟಿಸ್ ಆಗಿ ಸೇರಿದವರು. ನಮ್ಮ ಮನೆಯಲ್ಲಿ ಯಾರೂ ಎಚ್‌ಎಎಲ್ ಅನ್ನುತ್ತಿರಲಿಲ್ಲ, ಬರೀ ಫ್ಯಾಕ್ಟರಿ. ಯುದ್ಧದ ಕಾಲದಲ್ಲಿ ಅಮೆರಿಕದ ವಾಯುಪಡೆ ತನ್ನ ವಿಮಾನಗಳನ್ನು ರಿಪೇರಿಗೆ ತರುತ್ತಿದ್ದದ್ದೂ ಅದೇ ಫ್ಯಾಕ್ಟರಿಗೆ. ಯುದ್ಧ ಮುಗಿದ ಮೇಲೆ ಬ್ರಿಟಿಷರು ತಮ್ಮ ಲಿಬರೇಟರ್‌ಗಳನ್ನು ಕಾನ್ಪುರದಲ್ಲಿ ಬಿಟ್ಟುಹೋದರು. ಅವು ಅಮೆರಿಕದಿಂದ ಎರವಲು ಬಂದವು, ಹಾಗಾಗಿ ಇನ್ನೊಬ್ಬರ ಕೈಗೆ ಸಿಕ್ಕಿ ಹಾರಬಾರದೆಂದು ಕೆಡಿಸಿಯೇ ಹೋಗಿದ್ದರು. ಬಿಸಿಲು ಮಳೆಗೆ ಬಿದ್ದಿದ್ದ ಆ ಗುಜರಿಯಿಂದ ನಲವತ್ತಕ್ಕೂ ಹೆಚ್ಚು ವಿಮಾನಗಳನ್ನು ನಮ್ಮವರು ಎತ್ತಿ ನಿಲ್ಲಿಸಿದರು. ಹಾರುವಷ್ಟು ಮಾತ್ರ ಸರಿಮಾಡಿ, ಫ್ಯಾಕ್ಟರಿಯ ಪೈಲಟ್ ಜಿಮ್ಮಿ ಮುನ್ಶಿ ಒಂದೊಂದನ್ನೇ ಬೆಂಗಳೂರಿಗೆ ತಂದರು. ಪೂರ್ತಿ ರಿಪೇರಿ ಆದದ್ದು ಇಲ್ಲಿ. 1948ರ ನವೆಂಬರ್ 2ರಂದು ಹುಟ್ಟಿದ ವಾಯುಪಡೆಯ 5ನೇ ಸ್ಕ್ವಾಡ್ರನ್ ಕೈಗೆ ಸಿಕ್ಕಿದ್ದು ಇವೇ ವಿಮಾನಗಳು. ಸ್ವತಂತ್ರ ಭಾರತದ ಮೊದಲ ಭಾರೀ ಬಾಂಬರ್‌ಗಳು ಇನ್ನೊಬ್ಬರು ಒಡೆದು ಹಾಕಿದ್ದನ್ನು ಕೂಡಿಸಿ ಮಾಡಿದವು ಅನ್ನುವುದು ನನಗೆ ಇವತ್ತಿಗೂ ಮೈ ಜುಮ್ಮೆನ್ನಿಸುವ ಸಂಗತಿ. ಅವು 1968ರವರೆಗೂ ಹಾರಿದವು.

ನಾನು ಕಿಟ್ ತೆರೆದಾಗ ಡಬ್ಬಿಯಲ್ಲಿದ್ದದ್ದು ಅಮೆರಿಕದ ಗುರುತುಗಳು. ಅದನ್ನು ಹಾಗೇ ಮಾಡಿಟ್ಟರೆ ತಾತನಿಗೆ ತೋರಿಸುವುದೇನು? ಅವರ ಕೈ ತಗುಲಿದ ವಿಮಾನವೇ ಬೇಕಿತ್ತು ನನಗೆ.

ಕಟ್ಟುವಾಗ ಅವರು ಹೇಳಿದ್ದನ್ನೆಲ್ಲ ಭಾಗಗಳ ಜೊತೆಗೇ ಜೋಡಿಸುತ್ತಾ ಹೋದೆ. ಬಾಂಬ್ ಇಡುವ ಗೂಡಿನ ಬಾಗಿಲು ಕೆಳಕ್ಕೆ ತೆರೆಯುವುದಿಲ್ಲ, ಅಂಗಡಿಯ ರೋಲಿಂಗ್ ಶಟರ್ ಥರ ವಿಮಾನದ ಪಕ್ಕೆಗಳ ಮೇಲೆ ಸರಿಯುತ್ತದೆ. ಆ ಗೂಡಿನ ನಡುವೆ ಮುಂದಿನಿಂದ ಹಿಂದಕ್ಕೆ ಹೋಗಲು ಒಂದೇ ದಾರಿ, ಒಂಬತ್ತು ಇಂಚು ಅಗಲದ ಪಟ್ಟಿ. ನನ್ನ ಅಳತೆಯಲ್ಲಿ ಅದು ಮೂರು ಮಿಲಿಮೀಟರ್ ಚಿಲ್ಲರೆ. ಚಿಮಟದಲ್ಲಿ ಹಿಡಿದು ಕೂರಿಸುವಾಗ, ಬರ್ಮಾದ ಮೇಲೆ ಹಾರುವಾಗ ಹುಡುಗರು ಇದರ ಮೇಲೆ ನಡೆಯುತ್ತಿದ್ದರಲ್ಲ ಅನ್ನಿಸಿತು. ಅವರ ಕಾಲ ಕೆಳಗೆ ತೆರೆದ ಬಾಗಿಲು, ಅದರ ಕೆಳಗೆ ಯಾರದೋ ಊರು. ತಾತ ಆ ಪಟ್ಟಿಯ ಮೇಲೆ ಬೋರಲು ಮಲಗಿ ಕೆಲಸ ಮಾಡಿದವರು. ಟರೆಟ್‌ನ ಮೂಲೆಯಲ್ಲಿ ಕಣಜ ಕಟ್ಟಿದ ಮಣ್ಣಿನ ಗೂಡನ್ನು ಕೆರೆದು ತೆಗೆದದ್ದನ್ನು ಅವರು ಎಷ್ಟು ಸಲ ಹೇಳಿದ್ದರೋ.

ಆ ಭಾನುವಾರ ಅವರೇ ದಾರಿ ತೋರಿಸಿದರು. "ಎಂಜಿನ್ ಒಳಗೆ ಜಾಗ ಇಲ್ವಾ?" ಇತ್ತು! ನಾಲ್ಕು ಎಂಜಿನ್‌ಗಳ ಮುಖವನ್ನು ಇನ್ನೂ ಅಂಟಿಸಿರಲಿಲ್ಲ. ಎಂಜಿನ್ ಗೂಡುಗಳು ರೆಕ್ಕೆಯಿಂದ ಮುಂದಕ್ಕೆ ಚಾಚಿಕೊಂಡಿರುತ್ತವೆ, ಅಂದರೆ ಚಕ್ರಗಳಿಗಿಂತ ಮುಂದೆ. ಸೀಸದ ಗುಂಡುಗಳನ್ನು ಸುತ್ತಿಗೆಯಲ್ಲಿ ಚಪ್ಪಟೆ ಮಾಡಿ ನಾಲ್ಕರಲ್ಲೂ ತುಂಬಿದೆ. ಮೂಗಿನ ಚಕ್ರದ ಗುಂಡಿಯ ಮೂಲಕ ಇನ್ನಷ್ಟನ್ನು ಒಳಕ್ಕೆ ತಳ್ಳಿ ಅಂಟು ಸುರಿದೆ. ಸಂಜೆ ಹೊತ್ತಿಗೆ ಮೂಗು ಇಳಿಯಿತು. ಬಾಲ ಮೇಲೆದ್ದು ನಿಂತಿತು, ಆದರೆ ಅನುಮಾನದಲ್ಲಿ ನಿಂತ ಹಾಗೆ. ಉಸಿರು ತಾಗಿದರೂ ತೂಗಾಡುತ್ತಿತ್ತು.

ಒಣಗಲಿ ಎಂದು ಬಿಟ್ಟಾಗ ತಾತ ವಿಮಾನದ ಬೆನ್ನ ಮೇಲೆ ಹೆಬ್ಬೆರಳು ಆಡಿಸಿದರು. ಎರಡು ಹೋಳು ಸೇರುವ ಗೆರೆಗೆ ಪುಟ್ಟಿ ಹಚ್ಚಿ, ಎಮರಿ ಪೇಪರ್‌ನಲ್ಲಿ ಉಜ್ಜಿ, ಕನ್ನಡಿ ಹಾಗೆ ನುಣುಪು ಮಾಡಿದ್ದೆ. ನನಗೆ ಅದರ ಹೆಮ್ಮೆಯೂ ಇತ್ತು.

"ಇಲ್ಲಿಯ ರಿವೆಟ್ ಎಲ್ಲಿ?"

ತಗಡು ಕೂಡಿಸುವ ಆ ಮೊಳೆಗಳ ಸಣ್ಣ ತಲೆಗಳು ಉಜ್ಜಿದಾಗ ಹೋದವು ಅಂದೆ. ಅವರು ಮಾತಾಡಲಿಲ್ಲ. ಬೆರಳು ಅಲ್ಲೇ ಹಿಂದೆ ಮುಂದೆ ಹೋಯಿತು. ಹೊರಗಿನಿಂದ ಒಬ್ಬ ಗನ್ ಹಿಡಿದು ರಿವೆಟ್ ಹೊಡೆಯುವಾಗ, ಒಳಗೆ ತಗಡಿಗೆ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯುವ ಹುಡುಗ ಅವರು. ತಗಡಿನ ಕೊಳವೆಯೊಳಗೆ ಆ ಸದ್ದು ಇಡೀ ದಿನ. ಬಲಗಿವಿ ಹೋದದ್ದು ಹಾಗೆ.

ಆ ರಾತ್ರಿ ಸೂಜಿಯ ಮೊನೆಯನ್ನು ಫೆವಿಕಾಲ್‌ನಲ್ಲಿ ಅದ್ದಿ, ಬೆನ್ನುದ್ದಕ್ಕೂ ಚುಕ್ಕಿ ಇಟ್ಟೆ. ಚುಕ್ಕಿ ದೊಡ್ಡದಾದರೆ ಒರೆಸಿ ಮತ್ತೆ. ಮೂರು ರಾತ್ರಿ ಹಿಡಿಯಿತು. ಮೇಲೆ ಹೊಳೆಯುವ ಕಪ್ಪು ಬಣ್ಣ, ಅದು ಒಣಗಿದ ಮೇಲೆ ಅಲ್ಯುಮಿನಿಯಂ ಬಣ್ಣ. ಚುಕ್ಕಿಗಳು ಬೆಳಕಿಗೆ ಎದ್ದು ಕಂಡವು. ಆಗಿನ ವಾಯುಪಡೆಯ ಗುರುತು ಅಶೋಕ ಚಕ್ರ, 1950ರಲ್ಲಿ ಮೂರು ಬಣ್ಣದ ವೃತ್ತ ಬರುವವರೆಗೂ. ಬಿಳಿ ಬಣ್ಣ ಪ್ರಿಂಟರ್‌ನಲ್ಲಿ ಬಾರದ್ದರಿಂದ ಮೊದಲು ಬಿಳಿ ವೃತ್ತ ಬರೆದು, ಅದರ ಮೇಲೆ ನೀಲಿ ಚಕ್ರದ ಡೆಕಾಲ್ (ತೆಳು ಅಂಟುಚಿತ್ರ) ಕೂರಿಸಿದೆ. ಇಪ್ಪತ್ನಾಲ್ಕು ಅರೆಗಳೂ ಬಂದವು.

ಮುಗಿದ ದಿನ ತಾತನ ಮುಂದೆ ಇಟ್ಟೆ. ಬೆನ್ನ ಮೇಲೆ ಬೆರಳು ಆಡಿಸಿ, ಮೂತಿಯಿಂದ ಬಾಲದವರೆಗೆ ಹೋಗಿ ನಿಲ್ಲಿಸಿದರು. ಆಮೇಲೆ ಅಜ್ಜಿಯ ದೇವರ ಗೂಡಿನಿಂದ ಒಂದು ಬೆಂಕಿಕಡ್ಡಿ ತರಲು ಹೇಳಿದರು. ನನ್ನ ಬ್ಲೇಡ್ ತೆಗೆದುಕೊಂಡು, ಬಾಲದ ಎತ್ತರ ನೋಡಿ, ಕಡ್ಡಿಯ ತುಂಡು ಮಾಡಿದರು. ಉದ್ದವಾಯಿತು. ಇನ್ನೊಂದು ಚೂರು ಕತ್ತರಿಸಿ ಬಾಲದ ಕೆಳಗೆ ಆನಿಸಿಟ್ಟು, "ಈಗ ಹತ್ತಲಿ" ಅಂದರು.