ಹಳೆಯ ಹಾರ್ಡ್ ಡಿಸ್ಕನ್ನು ಯುಎಸ್‌ಬಿ ಅಡಾಪ್ಟರ್‌ಗೆ ಜೋಡಿಸುವ ಮುನ್ನ

ಸಿಡಿಲಿಗೆ ಮದರ್‌ಬೋರ್ಡ್ ಸುಟ್ಟುಹೋದ ಕಂಪ್ಯೂಟರನ್ನು ಅದರೊಳಗಿನ ಹಾರ್ಡ್ ಡಿಸ್ಕ್ ಸಮೇತ ಗುಜರಿಗೆ ಹಾಕುವುದು ನಮ್ಮ ಕೊಡಗಿನಲ್ಲಿ ಇಂದಿಗೂ ನಡೆದೇ ಇದೆ. ಕಂಪ್ಯೂಟರ್ ಕೆಟ್ಟರೂ ಡಿಸ್ಕ್ ಎಷ್ಟೋ ಸಲ ಸುಸ್ಥಿತಿಯಲ್ಲೇ ಇರುತ್ತದೆ. ನಾಪೋಕ್ಲು ಬಳಿಯ ನಮ್ಮ ತೋಟದ ಮನೆಯಲ್ಲಿ ಮೂಲೆ ಸೇರಿದ್ದ ಡೆಸ್ಕ್‌ಟಾಪಿನಿಂದ ತಂದೆಯವರು ದಿನದಿನವೂ ಇಂಚುಗಳಲ್ಲಿ ಬರೆದಿಟ್ಟ ಮಳೆಯ ಲೆಕ್ಕವನ್ನೂ ಹಳೆಯ ಹುತ್ತರಿಯ ಫೋಟೊಗಳನ್ನೂ ಹೊರತೆಗೆದಿದ್ದು, ಬಿಚ್ಚಿದ ಡಿಸ್ಕನ್ನು ಬೇರೊಂದು ಕಂಪ್ಯೂಟರಿನ ಯುಎಸ್‌ಬಿ ಪೋರ್ಟಿಗೆ ಜೋಡಿಸುವ ಒಂದು ಅಡಾಪ್ಟರ್‌ನಿಂದಲೇ.

ಮೊದಲು ನೋಡಬೇಕಾದದ್ದು ವಿದ್ಯುತ್ತು. ಲ್ಯಾಪ್‌ಟಾಪಿನ 2.5 ಇಂಚಿನ ಡಿಸ್ಕಿಗೆ 5 ವೋಲ್ಟ್ ಸಾಕು, ಡೆಸ್ಕ್‌ಟಾಪಿನ 3.5 ಇಂಚಿನದಕ್ಕೆ 12 ವೋಲ್ಟ್ ಕೂಡ ಬೇಕಾಗುವುದರಿಂದ, ಗೋಡೆಯ ಪ್ಲಗ್ಗಿಗೆ ಹಾಕುವ ಪವರ್ ಅಡಾಪ್ಟರ್ ಜೊತೆಗಿಲ್ಲದ ಬರಿಯ ಕೇಬಲ್ ಅದಕ್ಕೆ ಉಪಯೋಗವಿಲ್ಲ. ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪಿಯರ್, 3.0 ಪೋರ್ಟ್ 900. ಡಿಸ್ಕ್ ತಿರುಗಲು ಆರಂಭಿಸುವ ಕ್ಷಣದಲ್ಲಿ ಇದಕ್ಕಿಂತ ಹೆಚ್ಚು ಎಳೆದರೆ ಟಿಕ್ ಟಿಕ್ ಎನ್ನುತ್ತಾ ಪರದೆಯಲ್ಲಿ ಕಾಣಿಸಿಕೊಂಡು ಮರೆಯಾಗುತ್ತದೆ. ಆಗ ಡಿಸ್ಕ್ ಸತ್ತಿತೆಂದು ತೀರ್ಮಾನಿಸುವ ಮೊದಲು ಬೇರೆ ಪೋರ್ಟಿನಲ್ಲಿ ಹಾಕಿ ನೋಡಬೇಕು. ಒಳ್ಳೆಯ ವಿದ್ಯುತ್ ಸಿಕ್ಕಿದ ಮೇಲೂ ಅದೇ ಸದ್ದು ಮುಂದುವರಿದರೆ ಮಾತ್ರ ಡೇಟಾ ಓದುವ ಒಳಗಿನ ಹೆಡ್ ಕೆಟ್ಟಿರುವ ಸಾಧ್ಯತೆ ಇದೆ. ಕೂಡಲೇ ನಿಲ್ಲಿಸಿ, ಡೇಟಾ ರಿಕವರಿ ಬಲ್ಲವರಲ್ಲಿಗೆ ಒಯ್ಯುವುದು ಲೇಸು.

ಇಂಗ್ಲಿಷಿನ ಎಲ್ ಆಕಾರದ ಎರಡು ಚಪ್ಪಟೆ ಕನೆಕ್ಟರುಗಳಿದ್ದರೆ ಅದು ಸಾಟಾ ಡಿಸ್ಕ್. ಎರಡು ಸಾಲು ಪಿನ್ನುಗಳಿರುವ ಹಳೆಯ ಐಡಿಇ ಡಿಸ್ಕಿಗೆ ಬೇರೆಯೇ ಅಡಾಪ್ಟರ್ ಬೇಕು.

ನಮ್ಮ ಮಳೆಗಾಲಕ್ಕೆ ಇನ್ನೊಂದು ಎಚ್ಚರಿಕೆ ಸೇರಿಸಬೇಕು. ಸಾಮಾನ್ಯ ಡಿಸ್ಕಿನ ಮೈಮೇಲೆ ಗಾಳಿಯಾಡಲು ಸಣ್ಣದೊಂದು ತೂತಿರುತ್ತದೆ, ಅದನ್ನು ಮುಚ್ಚಬಾರದು. ತೇವ ಆರಲೆಂದು, ಬಟ್ಟೆ ಒಣಗಿಸುವಂತೆ ಡಿಸ್ಕನ್ನು ಒಲೆಯ ಬಳಿ ಇಡುವುದೂ ಸಲ್ಲ. ತಣ್ಣಗಿನ ಉಗ್ರಾಣದಿಂದ ತಂದ ಡಿಸ್ಕನ್ನು ಒಣಗಿದ ಕೋಣೆಯಲ್ಲಿ ಕೆಲವು ಗಂಟೆ ಬಿಟ್ಟು, ಪಿನ್ನುಗಳಲ್ಲಿ ಪಸೆಯಿಲ್ಲವೆಂದು ಖಚಿತಪಡಿಸಿಕೊಂಡು, ಮೇಜಿನ ಮೇಲೆ ಅಲುಗಾಡದಂತೆ ಮಲಗಿಸಿ ಜೋಡಿಸಬೇಕು. ಕರೆಂಟ್ ಹೋಗಿ ಬರುವ ದಿನವಾದರೆ ಯುಪಿಎಸ್ ಇರಲಿ.

ಜೋಡಿಸಿದ ಬಳಿಕ, ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ ಎಂದು ವಿಂಡೋಸ್ ಕೇಳಬಹುದು. ಹಳೆಯ ಕಡತಗಳು ಬೇಕೆನ್ನುವವರು ಒಪ್ಪಲೇಬಾರದು. ಡಿಸ್ಕ್‌ಗಳನ್ನು ನಿರ್ವಹಿಸುವ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಕಾಣುವ, ಡಿಸ್ಕನ್ನು ಹೊಸದರಂತೆ ಸಿದ್ಧಪಡಿಸುವ ‘ಇನಿಶಿಯಲೈಸ್’ ಆಯ್ಕೆಗೂ ಇದೇ ಮಾತು. ವಿಭಾಗಗಳು ಸರಿಯಾಗಿದ್ದು ಡ್ರೈವ್ ಅಕ್ಷರ (D:, E: ಇತ್ಯಾದಿ) ಮಾತ್ರ ಇಲ್ಲದಿದ್ದರೆ, ಅಲ್ಲೇ ಒಂದು ಅಕ್ಷರ ಕೊಟ್ಟರೆ ಸಾಕು. ವಿಂಡೋಸ್‌ನ ಗೂಢಲಿಪಿ ರಕ್ಷಣೆಯಾದ ಬಿಟ್‌ಲಾಕರ್ ಬೀಗವಿದ್ದರೆ ಪಾಸ್‌ವರ್ಡ್ ಅಥವಾ ರಿಕವರಿ ಕೀ ಇಲ್ಲದೆ ತೆರೆಯದು. ತೆರೆದ ಕೂಡಲೇ, ಮತ್ತೆಲ್ಲೂ ಸಿಗದ ಫೋಟೊ ಮತ್ತು ಲೆಕ್ಕಪತ್ರಗಳನ್ನು ಮೊದಲು ನಕಲು ಮಾಡಿ, ಸಿನಿಮಾಗಳನ್ನು ಕೊನೆಗೆ ಬಿಡುವುದೇ ಸರಿ, ಏಕೆಂದರೆ ಹಳೆಯ ಡಿಸ್ಕ್ ಎಷ್ಟು ಹೊತ್ತು ಬಾಳುತ್ತದೆಂದು ಯಾರೂ ಹೇಳಲಾರರು.

ಎಲ್ಲವೂ ಬೇರೆಡೆ ಸೇರಿದ ಮೇಲೆ ಅದೇ ಡಿಸ್ಕನ್ನು ಹೊಸದಾಗಿ ಸಜ್ಜುಗೊಳಿಸಬಹುದು. 2 ಟಿಬಿಗಿಂತ ದೊಡ್ಡದಾದರೆ, ಡಿಸ್ಕನ್ನು ವಿಭಾಗಿಸಲು ಜಿಪಿಟಿ ಎಂಬ ವಿಧಾನವೇ ಬೇಕು. ಇನ್ನು ಕಡತಗಳನ್ನು ಜೋಡಿಸಿಡುವ ಫಾರ್ಮ್ಯಾಟ್‌ಗಳಲ್ಲಿ, ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಕಡತ ಹಿಡಿಯುವುದಿಲ್ಲವಾದ್ದರಿಂದ, ವಿಂಡೋಸ್ ಒಂದರಲ್ಲೇ ಬಳಸುವವರಿಗೆ ಎನ್‌ಟಿಎಫ್‌ಎಸ್, ಮ್ಯಾಕ್‌ನಲ್ಲೂ ಬರೆಯಬೇಕೆನ್ನುವವರಿಗೆ ಎಕ್ಸ್‌ಫ್ಯಾಟ್ ಹೊಂದುತ್ತದೆ. ಆದರೂ ಹಳೆಯ ಡಿಸ್ಕ್ ಎರಡನೆಯ ಪ್ರತಿಯಾಗಿರಬಹುದೇ ಹೊರತು ಏಕೈಕ ಪ್ರತಿಯಾಗಬಾರದು. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ ಗುಡ್ಡ ಕುಸಿದು ಮನೆಗೆ ಮನೆಯೇ ಮಣ್ಣುಪಾಲಾದದ್ದನ್ನು ಕಂಡವರಿಗೆ, ಎರಡೂ ಪ್ರತಿಗಳು ಒಂದೇ ಸೂರಿನಡಿ ಇರಬಾರದೆಂದು ಬಿಡಿಸಿ ಹೇಳಬೇಕಿಲ್ಲ. ನಮ್ಮದೊಂದು ಪ್ರತಿ ಈಗ ಮೈಸೂರಿನ ಅಕ್ಕನ ಮನೆಯಲ್ಲಿದೆ.