ಒಂದು ಪರೀಕ್ಷಾ ಪತ್ರಿಕೆಗೆ ಒಂದು ವರ್ಷ

ಪದವಿ ಮೂರು ವರ್ಷದ್ದಾಗಿರಬೇಕೋ ನಾಲ್ಕು ವರ್ಷದ್ದಾಗಿರಬೇಕೋ ಎಂಬ ಚರ್ಚೆ ನಮ್ಮ ರಾಜ್ಯದಲ್ಲಿ 2021ರಿಂದ ನಡೆದೇ ಇದೆ. ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡುವ, ಅದಕ್ಕಾಗಿ ದಿನವೂ ಮೈಸೂರಿನಿಂದ ಹೋಗಿಬರುವ ನನಗೆ, ಈ ಚರ್ಚೆಯನ್ನು ಓದಿದಾಗಲೆಲ್ಲ ಒಬ್ಬ ವಿದ್ಯಾರ್ಥಿನಿಯ ನೆನಪಾಗುತ್ತದೆ. ಅವಳು ಆರೂ ಸೆಮಿಸ್ಟರ್ ಓದಿ ಮುಗಿಸಿದ್ದಾಳೆ; ಪದವಿ ಮಾತ್ರ ಕೈಗೆ ಬಂದಿಲ್ಲ. ಮೂರನೇ ಸೆಮಿಸ್ಟರಿನ ಕಾರ್ಪೊರೇಟ್ ಅಕೌಂಟಿಂಗ್ ಪತ್ರಿಕೆಯೊಂದು ಪಾಸಾಗದೆ ಉಳಿದುಕೊಂಡಿದೆ.

ಆ ಸೆಮಿಸ್ಟರಿನಲ್ಲಿ ಆ ವಿಷಯಕ್ಕೆ ಅತಿಥಿ ಉಪನ್ಯಾಸಕರು ಬಂದದ್ದು ತರಗತಿ ಶುರುವಾಗಿ ಏಳು ವಾರಗಳಾದ ಮೇಲೆ. ಹದಿನಾರು ವಾರದ ಪಾಠವನ್ನು ಒಂಬತ್ತು ವಾರಕ್ಕೆ ಹಿಂಡಿದರೆ ಏನಾಗಬೇಕೋ ಅದೇ ಆಯಿತು. ಸರ್ಕಾರಿ ಪದವಿ ಕಾಲೇಜುಗಳ ಕಾರ್ಯಭಾರದ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. 2022ರಲ್ಲಿ ಅವರ ಗೌರವಧನ ಹೆಚ್ಚಿತು, ಜೊತೆಗೆ ವಾರದ ಕಾರ್ಯಭಾರವನ್ನು 15 ಗಂಟೆಗೆ ಏರಿಸಿದ್ದರಿಂದ ಅನೇಕರಿಗೆ ಜಾಗವೇ ಇಲ್ಲದಂತಾಯಿತು. 2023ರ ಕೊನೆಯಲ್ಲಿ ಸೇವೆ ಕಾಯಂ ಮಾಡಬೇಕೆಂದು ಅವರು ತರಗತಿ ಬಹಿಷ್ಕರಿಸಿ ಮುಷ್ಕರ ಹೂಡಿದರು. ಅವರ ಬೇಡಿಕೆಯಲ್ಲಿ ತಪ್ಪಿರಲಿಲ್ಲ. ಆದರೆ ಖಾಲಿ ಉಳಿದ ಆ ವಾರಗಳನ್ನು ಯಾವ ಸುತ್ತೋಲೆಯೂ ಮಕ್ಕಳಿಗೆ ಮರಳಿ ಕೊಡಲಿಲ್ಲ. ಗುಣಮಟ್ಟದ ಮಾತು ಎತ್ತುವವರು ಮೊದಲು ಕೇಳಬೇಕಾದದ್ದು, ಸೆಮಿಸ್ಟರಿನ ಮೊದಲ ದಿನ ವೇಳಾಪಟ್ಟಿಯ ಪ್ರತಿ ಚೌಕದಲ್ಲಿಯೂ ಪಾಠ ಮಾಡುವವರ ಹೆಸರಿದೆಯೇ ಎಂದು.

ಖರ್ಚಿನ ವಿಷಯಕ್ಕೆ ಬಂದರೆ, ಸರ್ಕಾರಿ ಕಾಲೇಜಿನ ಶುಲ್ಕ ನಮ್ಮ ಕಡೆಯ ಬಹುಪಾಲು ಕುಟುಂಬಗಳಿಗೆ ದೊಡ್ಡ ಹೊರೆಯಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಬಸ್ ಖರ್ಚೂ ತಪ್ಪಿದೆ. (ಬಸ್ಸು ಹೊತ್ತಿಗೆ ಸರಿಯಾಗಿ ಬಾರದೆ ಮೊದಲ ತರಗತಿ ಅರ್ಧ ಖಾಲಿಯಿರುವುದು ಬೇರೆ ಕಥೆ.) ಹೊರೆಯಾಗುವುದು ವಿದ್ಯಾರ್ಥಿವೇತನ ತಡವಾಗುವುದು. ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಆಧಾರ್ ಜೋಡಣೆ ಮಾಡಿಸಿ ಕಾದರೆ, ಹಣ ಖಾತೆಗೆ ಬರುವ ಹೊತ್ತಿಗೆ ಪರೀಕ್ಷಾ ಶುಲ್ಕ ಕಟ್ಟಲು ಮಾಡಿದ ಸಾಲಕ್ಕೆ ಬಡ್ಡಿ ಬೆಳೆದಿರುತ್ತದೆ.

ಈಗ ಅವಳ ಪತ್ರಿಕೆಯ ವಿಷಯ. ಬೆಸ ಸೆಮಿಸ್ಟರಿನಲ್ಲಿ ಫೇಲಾದವರು ಅದೇ ಪತ್ರಿಕೆಯನ್ನು ಬರೆಯಬೇಕಾದರೆ ನಮ್ಮಲ್ಲಿ ಮುಂದಿನ ಬೆಸ ಸೆಮಿಸ್ಟರಿನವರೆಗೆ, ಅಂದರೆ ಒಂದು ವರ್ಷ ಕಾಯಬೇಕು. ಅಷ್ಟರಲ್ಲಿ ಹಳೆಯ ಪಾಠ ಮರೆತಿರುತ್ತದೆ, ಹೊಸ ಸೆಮಿಸ್ಟರಿನ ಪತ್ರಿಕೆಗಳು ತಲೆಯ ಮೇಲಿರುತ್ತವೆ. ಇದೇ ರಾಜ್ಯದಲ್ಲಿ 2024ರಲ್ಲಿ ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿ ಮಕ್ಕಳಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಕೊಟ್ಟರು. ಪಿಯುಸಿವರೆಗೆ ಸರ್ಕಾರ ತೋರಿದ ಈ ವಿವೇಕ ಪದವಿಯ ಬಾಗಿಲಲ್ಲಿ ಏಕೆ ನಿಂತುಹೋಯಿತು ಎಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ. ಫಲಿತಾಂಶ ಬಂದ ಆರು ವಾರದೊಳಗೆ ಒಂದು ಪೂರಕ ಪರೀಕ್ಷೆ ನಡೆಸಿದರೆ, ಅದಕ್ಕೆ ಮುನ್ನ ಹತ್ತು ದಿನ ಪರಿಹಾರ ಬೋಧನೆ ಕೊಟ್ಟರೆ, ನನ್ನ ತರಗತಿಯಲ್ಲಿ ಪದವಿ ಪಡೆಯದೆ ಹೋಗುವವರ ಪೈಕಿ ಅನೇಕರು ದಡ ಸೇರುತ್ತಾರೆ. ಮೌಲ್ಯಮಾಪನಕ್ಕೆ ಉಪನ್ಯಾಸಕರು ಸಿಗುವುದಿಲ್ಲ ಎಂಬ ಆಕ್ಷೇಪ ಬರುತ್ತದೆಂದು ಬಲ್ಲೆ. ಬೇಸಿಗೆ ರಜೆಯಲ್ಲಿ ಕೂರಬೇಕಾಗುತ್ತದೆ, ನಾವೂ ಗೊಣಗುತ್ತೇವೆ. ಆದರೂ ಅದು ಆಗದ ಕೆಲಸವಲ್ಲ.

ನೀತಿ ಪದೇ ಪದೇ ಬದಲಾದುದೂ ಇದೇ ಗಾಯಕ್ಕೆ ಉಪ್ಪು ಸವರಿದೆ. 2021-22ರಲ್ಲಿ ದೇಶದಲ್ಲೇ ಮೊದಲಿಗರಾಗಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು (ಎನ್‌ಇಪಿ), ಅದರ ಜೊತೆಗೆ ನಾಲ್ಕು ವರ್ಷದ ಪದವಿಯನ್ನು ಜಾರಿಗೆ ತಂದೆವು. ರಾಜ್ಯದ್ದೇ ಆದ ಶಿಕ್ಷಣ ನೀತಿ (ಎಸ್‌ಇಪಿ) ರೂಪಿಸಲು ಸರ್ಕಾರ ನೇಮಿಸಿದ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿಯನ್ನು ಆಧರಿಸಿ 2024-25ರಿಂದ ಮೂರು ವರ್ಷದ ಪದವಿಗೆ ಹಿಂದಿರುಗಿದೆವು. ಮೂರು ವರ್ಷವೇ ಸಾಕು ಎಂಬುದು ನನ್ನ ಅಭಿಪ್ರಾಯವೂ ಹೌದು, ಏಕೆಂದರೆ ನಮ್ಮ ಊರುಗಳ ಹೆಣ್ಣುಮಕ್ಕಳಿಗೆ ನಾಲ್ಕನೇ ವರ್ಷವನ್ನು ಮನೆಯವರಿಂದ ಪಡೆಯುವುದು ಸುಲಭವಲ್ಲ. ಆದರೆ ಈ ತಿರುವುಗಳ ನಡುವೆ ಕಾಲೇಜಿನಲ್ಲಿ ಏಕಕಾಲಕ್ಕೆ ಹಳೆಯ ಪಠ್ಯಕ್ರಮದ ಬ್ಯಾಕ್‌ಲಾಗ್ (ಪಾಸಾಗದ ಪತ್ರಿಕೆ ಬಾಕಿ ಇರುವವರು), ಎನ್‌ಇಪಿ, ಎಸ್‌ಇಪಿ ಎಂಬ ಮೂರು ಬಗೆಯ ವಿದ್ಯಾರ್ಥಿಗಳಾದರು. 2021ರಲ್ಲಿ ಸೇರಿದ ಅವಳು ಕಲಿತ ಪಠ್ಯಕ್ರಮವನ್ನು ಈಗ ಯಾವ ತರಗತಿಯಲ್ಲಿಯೂ ಬೋಧಿಸುವುದಿಲ್ಲ. ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿಕೋ ಎಂದು ಹೇಳುವಂತೆಯೂ ಇಲ್ಲ.

ಅವಳು ಈಗ ಹೆದ್ದಾರಿ ಬದಿಯ ಒಂದು ಗಾರ್ಮೆಂಟ್ಸಿನಲ್ಲಿ ಕೆಲಸಕ್ಕಿದ್ದಾಳೆ. ಈ ಬಾರಿಯ ಪರೀಕ್ಷಾ ಅರ್ಜಿಯನ್ನು ಕಾಲೇಜಿನ ಕಚೇರಿಯಲ್ಲಿ ನಾನೇ ಜೊತೆಗಿದ್ದು ತುಂಬಿಸಿದೆ. ಹಳೆಯ ನೋಟ್ಸ್ ಕೊಟ್ಟು, ಲೆಕ್ಕಗಳನ್ನು ಭಾನುವಾರ ಫೋನಿನಲ್ಲಿ ಹೇಳಿಕೊಡುತ್ತೇನೆಂದೆ. ಪರೀಕ್ಷೆ ವಾರದ ನಡುವೆ ಬಿದ್ದರೆ ಅಂದಿನ ಸಂಬಳದ ಜೊತೆಗೆ ಆ ತಿಂಗಳ ಹಾಜರಾತಿ ಬೋನಸ್ಸೂ ಹೋಗುತ್ತದೆ ಸಾರ್, ದಿನಾಂಕ ಬೇಗ ಗೊತ್ತಾದರೆ ಸೂಪರ್‌ವೈಸರ್ ಹತ್ತಿರ ಮಾತಾಡಿ ನೋಡುತ್ತೇನೆ ಎಂದಳು. ವೇಳಾಪಟ್ಟಿ ಇನ್ನೂ ಪ್ರಕಟವಾಗಿಲ್ಲ.