ಚೂರು ಬಾಯಿಗೆ ಹಾಕಿ ನೋಡಿದ್ಯಾ?

ಮಂಗಳವಾರದಿಂದ ಅತ್ತೆಯ ಒಂದೇ ಮಾತು ತಲೆಯೊಳಗೆ ಸುತ್ತುತ್ತಿದೆ. "ಹೆಚ್ಚೋವಾಗ ಚೂರು ಬಾಯಿಗೆ ಹಾಕಿ ನೋಡಿದ್ಯೇನಮ್ಮಾ?"

ನನಗೀಗ ಐದನೇ ತಿಂಗಳು. ಹೋದ ವಾರ ಹಿಮೋಗ್ಲೋಬಿನ್ 9.6 ಬಂತು. ಡಾಕ್ಟರ್ ಕಬ್ಬಿಣದ ಮಾತ್ರೆ ಬರೆದುಕೊಟ್ಟು, ಅದನ್ನು ಟೀ ಕಾಫಿ ಜೊತೆ ನುಂಗಬೇಡಿ, ಸೊಪ್ಪು ತರಕಾರಿ ಜಾಸ್ತಿ ತಿನ್ನಿ ಅಂದರು. ಬೆಳಿಗ್ಗೆ ಏನು ತಿಂದರೂ ವಾಕರಿಕೆ. ಲೋಟದಲ್ಲಾದರೆ ಹೇಗೋ ಇಳಿಯುತ್ತೆ ಅಂತ ಹಸಿರು ಜ್ಯೂಸ್ ಶುರು ಮಾಡಿದೆ.

ಅವತ್ತು ಹಾಕಿದ್ದು ಅರ್ಧ ಸೋರೆಕಾಯಿ, ಒಂದು ಹಿಡಿ ಪಾಲಕ್, ಪುದೀನ, ಕೊತ್ತಂಬರಿ, ಎರಡು ಬೆಟ್ಟದ ನೆಲ್ಲಿಕಾಯಿ. ಹಸಿ ಸೊಪ್ಪಿನಲ್ಲಿ ಮಣ್ಣು ಉಳಿದರೆ ಈ ಸಮಯದಲ್ಲಿ ಸೋಂಕಿನ ಭಯ, ಅದಕ್ಕೆ ಮೂರು ನೀರು ಹಾಕಿ ತೊಳೆದಿದ್ದೆ. ಒಂದು ಗುಟುಕು ಕುಡಿದೆ, ಕಹಿ. ನೆಲ್ಲಿಕಾಯಿ ಒಗರಿರಬೇಕು ಅಂದುಕೊಂಡೆ. ನಮ್ಮನೆಯವರು "ಜೇನುತುಪ್ಪ ಹಾಕ್ಕೋ" ಅಂದರು. ಮೇಲಿನ ಮನೆ ಆಂಟಿ ಬಂದಿದ್ದರು, "ಕಹಿ ಇದ್ರೇನೇ ಒಳ್ಳೇದು ಕಣಮ್ಮ, ಮೂಗು ಮುಚ್ಕೊಂಡು ಕುಡಿದುಬಿಡು" ಅಂದರು. ಆಂಟಿ ಒಳ್ಳೆಯವರೇ, ನನ್ನ ಮೇಲೆ ಪ್ರೀತಿ ಇದೆ. ಆದರೆ ಬಸುರಿ ಅಂದ ತಕ್ಷಣ ಎಲ್ಲರ ಹತ್ತಿರವೂ ಒಂದು ಸಲಹೆ ರೆಡಿ ಇರುತ್ತೆ, ಗೊತ್ತಿಲ್ಲ ಅಂತ ಒಬ್ಬರೂ ಹೇಳಲ್ಲ.

ಆಗ ಅತ್ತೆ ಕೇಳಿದ್ದು. ಇಲ್ಲ ಅಂದೆ. ಅವರು ಉಳಿದರ್ಧ ಸೋರೆಕಾಯಿ ತಗೊಂಡು ಉಗುರಿನಷ್ಟು ತುಂಡು ಕೊಯ್ದರು. ನಾಲಿಗೆ ತುದಿಗೆ ಮುಟ್ಟಿಸಿದರು ಅಷ್ಟೇ, ಮುಖ ಕಿವುಚಿ ಉಗಿದು ಎರಡು ಸಲ ಬಾಯಿ ಮುಕ್ಕಳಿಸಿದರು. ಒಂದು ಮಾತೂ ಆಡದೆ ನನ್ನ ಕೈಯಿಂದ ಲೋಟ ತಗೊಂಡು ಸಿಂಕಿಗೆ ಸುರಿದರು. ಮುಕ್ಕಾಲು ಗಂಟೆಯ ಕೆಲಸ ಹಾಗೆ ಹರಿದುಹೋಗಿದ್ದು ನೋಡಿ ನನಗೆ ಅಳು, ಸಿಟ್ಟು ಎರಡೂ ಬಂತು.

"ಹಾಗಲಕಾಯಿ ಕಹಿ ಇದ್ರೆ ಅದರ ಗುಣ. ಸೋರೆಕಾಯಿ ಕಹಿ ಇದ್ರೆ ವಿಷ" ಅಂದರು. ಅವರ ತವರು ತಿಪಟೂರು ಕಡೆ. ಬಳ್ಳಿಯಲ್ಲಿ ಕಹಿ ಕಾಯಿ ಬಂದರೆ ಕೀಳದೆ ಒಣಗೋಕೆ ಬಿಡುತ್ತಿದ್ದರಂತೆ. ಆ ಸೋರೆಬುರುಡೆ ಸೊಂಟಕ್ಕೆ ಕಟ್ಟಿಕೊಂಡೇ ಮಕ್ಕಳು ಬಾವಿಯಲ್ಲಿ ಈಜು ಕಲಿಯುತ್ತಿದ್ದದ್ದು.

ಡಾಕ್ಟರಿಗೆ ಫೋನ್ ಮಾಡಿದೆ. ಕುಡಿದದ್ದು ಒಂದೇ ಗುಟುಕು ತಾನೆ, ವಾಂತಿ ಭೇದಿ ಶುರುವಾದರೆ ಒಂದು ನಿಮಿಷವೂ ಕಾಯದೆ ಬನ್ನಿ ಅಂದರು. ಪುಣ್ಯಕ್ಕೆ ಏನೂ ಆಗಲಿಲ್ಲ. ರಾತ್ರಿ ನಿದ್ದೆ ಬಾರದೆ ಓದುತ್ತಾ ಕೂತೆ. ಕಹಿ ಸೋರೆಯಲ್ಲಿ ಕುಕುರ್ಬಿಟಾಸಿನ್ ಅನ್ನೋ ವಿಷ ಇರುತ್ತೆ, ಅದಕ್ಕೆ ಪ್ರತ್ಯೇಕ ಮದ್ದಿಲ್ಲ. ಜನ ಸತ್ತಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಮಿತಿಯ ವರದಿ 2012ರಲ್ಲೇ ಪ್ರಕಟವಾಗಿದೆ: ರಸ ತೆಗೆಯೋ ಮೊದಲು ಚೂರು ರುಚಿ ನೋಡಿ, ಕಹಿ ಇದ್ದರೆ ಎಸೆಯಿರಿ, ಬೇರೆ ರಸದ ಜೊತೆ ಬೆರೆಸಬೇಡಿ. ಓದಿ ಮೈ ಜುಮ್ಮೆಂದಿತು. ಪುದೀನ, ನೆಲ್ಲಿಕಾಯಿ ಹಾಕಿ ನಾನು ಆ ಕಹಿಯನ್ನೇ ಮುಚ್ಚಿದ್ದೆನಲ್ಲ. ಜೇನುತುಪ್ಪವನ್ನೂ ಹಾಕಿದ್ದರೆ ಇಡೀ ಲೋಟ ಒಳಗೆ ಹೋಗುತ್ತಿತ್ತು.

ನಾನು ಫೋನಿನಲ್ಲಿ ನೋಡಿದ ಯಾವ ವಿಡಿಯೋದಲ್ಲೂ ಈ ಚೂರು ರುಚಿ ನೋಡೋ ಮಾತಿರಲಿಲ್ಲ. ಎಷ್ಟು ಕಪ್, ಎಷ್ಟು ಚಮಚ ಎಲ್ಲ ಇತ್ತು. ಅಮ್ಮನೂ ಸೌತೆಕಾಯಿ ತುದಿ ಕೊಯ್ದು, ಉಜ್ಜಿ ನೊರೆ ತೆಗೆದು, ಒಂದು ಬಿಲ್ಲೆ ಬಾಯಿಗೆ ಹಾಕ್ಕೊಂಡೇ ಮುಂದಿನದು ಹೆಚ್ಚುತ್ತಿದ್ದಳು. ತಿನ್ನೋ ಆಸೆಗೆ ಅಂತ ನಾನು ಅಂದುಕೊಂಡಿದ್ದೆ. ಅದು ಪರೀಕ್ಷೆ ಅಂತ ಅವಳು ಹೇಳಿಕೊಡಲಿಲ್ಲ, ನಾನು ಕೇಳಲಿಲ್ಲ. ಅಡುಗೆಮನೆಯಲ್ಲಿ ಇಂಥವು ಇನ್ನೆಷ್ಟು ಇವೆಯೋ, ಕೇಳೋಕೆ ಹೆಂಗಸರು ಇದ್ದಾಗಲೇ ಕೇಳಿಕೊಳ್ಳಬೇಕು ಅಂತ ನಾಲ್ಕು ದಿನದಿಂದ ಅನ್ನಿಸುತ್ತಿದೆ.

ಜ್ಯೂಸ್ ಬಿಟ್ಟಿಲ್ಲ. ಈಗ ಸೋರೆ ಇಲ್ಲ, ಸೌತೆಕಾಯಿ. ಪಾಲಕ್ಕನ್ನು ಬಿಸಿನೀರಿನಲ್ಲಿ ಎರಡು ನಿಮಿಷ ಅದ್ದಿ ಆ ನೀರು ಚೆಲ್ಲುತ್ತೇನೆ, ನೆಲ್ಲಿಕಾಯಿ ತಪ್ಪಿಸಲ್ಲ, ಸೋಸಲ್ಲ. ಇದರಿಂದಲೇ ರಕ್ತ ಏರುತ್ತೆ ಅಂತ ಮಾತ್ರೆ ಬಿಡಬೇಡಿ ಅಂತ ಡಾಕ್ಟರ್ ಎರಡು ಸಲ ಹೇಳಿದ್ದಾರೆ, ಬಿಟ್ಟಿಲ್ಲ.

ಇವತ್ತು ಬೆಳಿಗ್ಗೆ ಅತ್ತೆ ಹೂ ಕಟ್ಟುತ್ತಾ ಕೂತಿದ್ದರು. ನಾನು ಸೌತೆಕಾಯಿ ಬಿಲ್ಲೆ ಬಾಯಿಗೆ ಹಾಕ್ಕೊಂಡೆ.

"ಸಿಹಿ ಇದೆ ಅತ್ತೆ."

"ಹಾಗಾದ್ರೆ ಹಾಕು" ಅಂದರು, ತಲೆ ಎತ್ತದೆ.